ಕೊಡಗಿನ ತೋಟದ ಸೀಮೆಯಲ್ಲಿ ಪವಿತ್ರ ವಾರ: ಪದ್ಧತಿ ಹಲವು, ಪಾಸ್ಕ (ಈಸ್ಟರ್) ಒಂದೇ

ಕೊಡಗಿನ ಚರ್ಚುಗಳಲ್ಲಿ ಒಂದೇ ಬೆಂಚಿನ ಮೇಲೆ ಮೂರು ನಾಲ್ಕು ಮನೆಮಾತಿನವರು ಕೂರುತ್ತಾರೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕಥೋಲಿಕರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ವಿರಾಜಪೇಟೆಯಲ್ಲಿ ಜಾಗ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನವರ ಚರ್ಚಿನ ಚರಿತ್ರೆ 1792ರಿಂದ ಶುರುವಾಗುತ್ತದೆ. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಸಿದ್ದಾಪುರದ ಹತ್ತಿರ ಆನಂದಪುರ ಕಟ್ಟಿದರು. ಆ ಬೇರಿನ ಪ್ರೊಟೆಸ್ಟೆಂಟ್ ಸಭೆಗಳು ಇಂದು ಸಿ.ಎಸ್.ಐ.ನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಇವೆ. ಕಾಫಿ ತೋಟದ ಕೆಲಸಕ್ಕೆ ತಮಿಳು ಕುಟುಂಬಗಳು ಬಂದವು, ಗಡಿಯಾಚೆಯಿಂದ ಮಲಯಾಳಿ ಸಿರಿಯನ್ ಕ್ರೈಸ್ತರು ಬಂದರು. ಹೀಗಾಗಿ ಒಂದೇ ಲೈನ್‌ಮನೆಯಲ್ಲಿ (ತೋಟದ ಕೆಲಸಗಾರರ ಸಾಲುಮನೆ), ಪಾಸ್ಕಕ್ಕೆ ಮುಂಚಿನ ಉಪವಾಸಕಾಲ ಬಂದಾಗ, ಒಬ್ಬರು ಬುಧವಾರ ಬೂದಿ ಹಚ್ಚಿಸಿಕೊಂಡರೆ ಇನ್ನೊಬ್ಬರು ಸೋಮವಾರವೇ ಉಪವಾಸ ಹಿಡಿದಿರುತ್ತಾರೆ. ಪವಿತ್ರ ವಾರದ ಗುರುವಾರ ಒಂದು ಮನೆಯಲ್ಲಿ ಅಕ್ಕಿಯ ಅಪ್ಪ ಬೇಯುತ್ತದೆ, ಪಕ್ಕದ ಮನೆಯವರಿಗೆ ಅದು ಏಕೆಂದೇ ತಿಳಿಯದು.

ಈ ವ್ಯತ್ಯಾಸಗಳನ್ನು ಅಳಿಸಬೇಕಾಗಿಲ್ಲ. ಆದರೆ ಯಾವುದು ಹಬ್ಬದ ತಿರುಳು, ಯಾವುದು ಅದನ್ನು ಹೊತ್ತುಕೊಂಡು ಬಂದ ಪದ್ಧತಿ ಎಂಬುದು ಮನೆಯ ಹಿರಿಯರಿಗೂ ಚರ್ಚಿನ ಸಮಿತಿಗೂ ಗೊತ್ತಿರಬೇಕು. ಕಥೋಲಿಕ ಆರಾಧನೆಯಲ್ಲಿ ಗುರುವಾರ ಸಂಜೆಯ ಬಲಿಪೂಜೆ (ಮಾಸ್) ಕೊನೆಯ ಆಶೀರ್ವಾದವಿಲ್ಲದೆ ನಿಲ್ಲುತ್ತದೆ. ಶುಕ್ರವಾರದ ಆರಾಧನೆ ಶಿಲುಬೆಯ ಗುರುತೂ ಇಲ್ಲದೆ ಮೌನದಲ್ಲಿ ತೊಡಗಿ ಮೌನದಲ್ಲೇ ಮುಗಿಯುತ್ತದೆ. ಗಂಭೀರ ಆಶೀರ್ವಾದ ಸಿಗುವುದು ಶನಿವಾರ ರಾತ್ರಿಯ ಪಾಸ್ಕ ಜಾಗರಣೆಯ ಕೊನೆಗೆ. ಮೂರೂ ಸೇರಿ ಒಂದೇ ಆರಾಧನೆ ಎಂಬುದಕ್ಕೆ ಇದೇ ಸಾಕ್ಷಿ: ಯೇಸು ತನ್ನನ್ನು ಕೊಟ್ಟದ್ದು, ಸತ್ತದ್ದು, ಎದ್ದದ್ದು. ಯಾವ ಪದ್ಧತಿ ಮುಂದೆ ಬಂದರೂ ಇದರಲ್ಲಿ ಯಾವುದನ್ನು ನೆನಪಿಸಲು ಬಂದಿದೆ ಎಂದು ಕೇಳಿ ಅದಕ್ಕೆ ತಕ್ಕ ಜಾಗ ಕೊಡಿ. ಕೊಡಗಿನಲ್ಲಿ ನಮಗೆ ಕಾಣುವ ದೊಡ್ಡ ಕೊರತೆ ಪದ್ಧತಿಗಳ ಜಗಳದ್ದಲ್ಲ. ಶುಕ್ರವಾರ ಚರ್ಚು ತುಂಬಿ ಹೊರಗೂ ಜನ ನಿಲ್ಲುತ್ತಾರೆ, ಶನಿವಾರ ರಾತ್ರಿ ಬೆಂಚುಗಳು ಖಾಲಿ ಉಳಿಯುತ್ತವೆ. ಶವಸಂಸ್ಕಾರಕ್ಕೆ ಬಂದವರು ಪುನರುತ್ಥಾನಕ್ಕೆ ಬಾರದೆ ಹೋದಂತಾಯಿತು. ಮುಂದಿನ ವಿವರಗಳನ್ನು ಈ ಕೊರತೆ ತುಂಬುವ ಕಡೆಗೆ ಕಣ್ಣಿಟ್ಟು ಬರೆದಿದ್ದೇವೆ.

ದಿನ ಲೆಕ್ಕ ಹಾಕುವುದು

ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಪಾಸ್ಕ. ಹಾಗಾಗಿ ಅದು ಮಾರ್ಚ್ 22ಕ್ಕಿಂತ ಮುಂಚೆ, ಏಪ್ರಿಲ್ 25ರ ನಂತರ ಬರುವುದಿಲ್ಲ. 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಲ್ಯಾಟಿನ್ ಕ್ರಮದ (ರೋಮಿನ ಪೂಜಾಪದ್ಧತಿಯ) ಕಥೋಲಿಕರಿಗೆ ವಿಭೂತಿ ಬುಧವಾರ ಪಾಸ್ಕಕ್ಕೆ 46 ದಿನ ಮುಂಚೆ. ನಡುವಿನ ಆರು ಭಾನುವಾರ ಬಿಟ್ಟರೆ ಉಪವಾಸದ 40 ದಿನ. ಸಿರೋ-ಮಲಬಾರ್ (ಕೇರಳ ಮೂಲದ ಸಿರಿಯನ್ ಕಥೋಲಿಕ) ಮನೆಗಳ ಐವತ್ತು ನೋಂಬು, ಅಂದರೆ ಐವತ್ತು ದಿನದ ಉಪವಾಸ, ಅದಕ್ಕೂ ಎರಡು ದಿನ ಮುಂಚಿನ ಸೋಮವಾರ ಶುರು, ಬೂದಿಯೂ ಅಂದೇ. 2027ಕ್ಕೆ ಅದು ಫೆಬ್ರುವರಿ 8ರ ಸೋಮವಾರ ಮತ್ತು 10ರ ಬುಧವಾರ.

ಎರಡೂ ಕ್ರಮದವರು ಮದುವೆಯಾಗಿ ಸೇರಿದ ಮನೆಯಲ್ಲಿ ಅಡುಗೆ ಸೋಮವಾರದಿಂದಲೇ ಮಾಂಸವಿಲ್ಲದೆ ನಡೆಯಲಿ, ಬೂದಿಯನ್ನು ಅವರವರ ಚರ್ಚಿನ ದಿನ ತೆಗೆದುಕೊಳ್ಳಲಿ. ಒಂದೇ ಒಲೆಯಲ್ಲಿ ಎರಡು ಬಗೆಯ ಅಡುಗೆ ಹೂಡಿದರೆ ವಾರದೊಳಗೆ ಇಬ್ಬರ ಉಪವಾಸವೂ ಸಡಿಲವಾಗುತ್ತದೆ.

ಹಿಂದಿನ ವರ್ಷದ ಗರಿ ಸುಟ್ಟು ಬೂದಿ ಮಾಡುವ ಚರ್ಚುಗಳಿಗೆ ಒಂದು ಎಚ್ಚರಿಕೆ. ಬೂದಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಒಣಗಿದ್ದಾಗಲೇ ಬಳಸಿ. ನೀರಲ್ಲಿ ಕಲಸಿ ಇಟ್ಟ ಬೂದಿ ಕ್ಷಾರವಾಗಿ ಹಣೆಯ ಚರ್ಮ ಉರಿಯುತ್ತದೆ.

ಗರಿಗಳ ಭಾನುವಾರ

ಇದು ಪಾಸ್ಕಕ್ಕೆ ಒಂದು ವಾರ ಮುಂಚೆ, ಯೇಸುವನ್ನು ಜೆರುಸಲೇಮಿನಲ್ಲಿ ಜನ ಗರಿ ಹಿಡಿದು ಎದುರುಗೊಂಡ ನೆನಪು. ತೆಂಗಿನ ಸುಳಿಯ ಎಳೆ ಗರಿಯೇ ಬೇಕೆಂಬುದು ಕರಾವಳಿಯಿಂದ ಬಂದ ಆಸೆ. ಪೂಜಾಕ್ರಮ ಕೇಳುವುದು ಗರಿಯನ್ನು ಅಥವಾ ಬೇರೆ ಹಸಿರು ರೆಂಬೆಯನ್ನು. ಮಡಿಕೇರಿಯ ಎತ್ತರದಲ್ಲಿ ತೆಂಗು ಚೆನ್ನಾಗಿ ಬಾರದು, ಕೆಳಗಿನಿಂದ ತರಿಸಬೇಕು. ತೋಟಗಳಲ್ಲಿ ಧಾರಾಳವಾಗಿರುವ ಬೈನೆ ಗರಿ, ಇಲ್ಲವೇ ಅಡಿಕೆ ಗರಿ ಹಿಡಿದರೂ ಅರ್ಥದಲ್ಲಿ ಏನೂ ಕಡಿಮೆಯಾಗದು.

ತೆಂಗೇ ಬೇಕಾದರೆ ಒಂದು ಮರದಿಂದ ಅರಳದ ಒಂದೇ ಸುಳಿ ತೆಗೆಯಿರಿ. ಅದರಲ್ಲೇ ನೂರಕ್ಕೂ ಹೆಚ್ಚು ಎಲೆ ಸಿಗುತ್ತದೆ. ಕತ್ತಿ ಒಳಗಿನ ಮೊಳಕೆಗೆ ತಾಗಿದರೆ ಮರವೇ ಸಾಯುತ್ತದೆ. ಕಡಿಯಲು ಗುರುತು ಮಾಡಿದ ಮರ ಇದ್ದರೆ ಅದೇ ವಾಸಿ. ಶುಕ್ರವಾರ ಕಡಿದು, ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಟ್ಟರೆ ಭಾನುವಾರಕ್ಕೆ ಮೆತ್ತಗಿರುತ್ತದೆ. ಬಿಸಿಲು ಕಂಡ ಗರಿ ಶಿಲುಬೆ ಹೆಣೆಯುವಾಗ ಮಡಿಕೆಯಲ್ಲಿ ಸೀಳುತ್ತದೆ. ಆಶೀರ್ವದಿಸಿದ ಗರಿಯನ್ನು ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿ. ಗುರುವಾರದ ಅಪ್ಪದ ಮೇಲಿಡಲು ಅದರಿಂದಲೇ ಎರಡು ಎಳೆ ಬೇಕು.

ಗುರುವಾರ: ಪಾದ ತೊಳೆಯುವುದು

ಇದು ನಾಟಕವಾಗಿಬಿಡುವ ಅಪಾಯ ಇರುವ ಭಾಗ. ಪಾದ ತೊಳೆಸಿಕೊಳ್ಳಲು ಪ್ರತಿವರ್ಷ ಅದೇ ಸಮಿತಿಯ ಹಿರಿಯರು ಕೂತರೆ, ಕಡೆಯ ಭೋಜನದಲ್ಲಿ ಶಿಷ್ಯರ ಪಾದ ತೊಳೆದು ಯೇಸು ಮಾಡಿದ ಕೆಲಸ ಯಾರಿಗೂ ಕಾಣದು. ವ್ಯಾಟಿಕನ್ನಿನ ಜನವರಿ 2016ರ ಆದೇಶದ ನಂತರ ಲ್ಯಾಟಿನ್ ಕ್ರಮದಲ್ಲಿ ಹೆಂಗಸರನ್ನೂ ಕೂರಿಸಬಹುದು. ಹನ್ನೆರಡು ಮಂದಿಯಲ್ಲಿ ಪ್ರತಿ ಮನೆಮಾತಿನವರೂ ಇರಲಿ; ಲೈನ್‌ಮನೆಯ ಕೆಲಸಗಾರರು, ಒಬ್ಬ ವಿದ್ಯಾರ್ಥಿ, ಒಬ್ಬ ಅಜ್ಜಿ, ಕಾಯಿಲೆಯಿಂದ ಎದ್ದವರೊಬ್ಬರು ಇರಲಿ. ಹದಿನೈದು ದಿನ ಮುಂಚೆ ಹೇಳಿ, ಅಂದು ರಜೆ ಸಿಗದ ಕೆಲಸಗಾರರಿಗೆ ಅನುಕೂಲ ಮಾಡಿಕೊಡಿ. ಬೇಕಾದ ಸಾಮಾನು: ಹೂಬೆಚ್ಚಗಿನ ನೀರಿನ ಎರಡು ಹೂಜಿ, ಅಗಲ ಬೋಗುಣಿ ಒಂದು, ಕೊಳೆ ನೀರು ಸುರಿಯಲು ಬಕೆಟ್, ಒಬ್ಬರಿಗೊಂದರಂತೆ ಹನ್ನೆರಡು ಟವೆಲ್. ಕುರ್ಚಿಗಳ ಕೆಳಗೆ ಚಾಪೆ ಹಾಕದಿದ್ದರೆ ಒದ್ದೆ ಸಿಮೆಂಟ್ ನೆಲದಲ್ಲಿ ವಯಸ್ಸಾದವರು ಜಾರುತ್ತಾರೆ.

ಬಲಿಪೂಜೆಯಲ್ಲಿ ಅರ್ಪಿಸಿ ಹಂಚುವ ಪರಮಪ್ರಸಾದದ ರೊಟ್ಟಿಯ ಲೆಕ್ಕವನ್ನು ಬಹಳ ಕಡೆ ತಪ್ಪುತ್ತಾರೆ. ಶುಕ್ರವಾರ ಬಲಿಪೂಜೆ ಇಲ್ಲ, ಅಂದು ಹಂಚುವುದು ಗುರುವಾರ ಅರ್ಪಿಸಿದ್ದನ್ನೇ. ಆದ್ದರಿಂದ ಗುರುವಾರ ಬಂದವರ ಸಂಖ್ಯೆಗೆ ಹಿಂದಿನ ವರ್ಷದ ಶುಕ್ರವಾರದ ಸಂಖ್ಯೆಯನ್ನು ಕೂಡಿಸಿ ಇಡಿ. ಕಡಿಮೆ ಬಿದ್ದರೆ ಶುಕ್ರವಾರ ಮುರಿದು ಚಿಕ್ಕದು ಮಾಡುವುದೊಂದೇ ದಾರಿ.

ಗುರುವಾರದ ಮಹಿಮಾಗಾನದ (ಗ್ಲೋರಿಯಾ) ನಂತರ ಗಂಟೆಗಳು ಸುಮ್ಮನಾಗುತ್ತವೆ. ಮತ್ತೆ ಬಾರಿಸುವುದು ಜಾಗರಣೆಯ ಮಹಿಮಾಗಾನಕ್ಕೆ. ನಡುವೆ ಮರದ ಗಿಲಕಿ ಬಳಸುತ್ತಾರೆ. ಈ ಎರಡು ದಿನ ಧ್ವನಿವರ್ಧಕದಲ್ಲಿ ಭಕ್ತಿಗೀತೆ ಹಾಕಿಬಿಡುವ ಅಭ್ಯಾಸವಿದ್ದರೆ ದಯವಿಟ್ಟು ನಿಲ್ಲಿಸಿ.

ಮನೆಯಲ್ಲಿ ಪೆಸಹಾ ಅಪ್ಪ ಮತ್ತು ಪಾಲು

ಪೆಸಹಾ (ಪವಿತ್ರ ಗುರುವಾರದ) ಅಪ್ಪವನ್ನು ಪಾಲು ಎಂಬ ಬೆಲ್ಲ ಹಾಕಿದ ತೆಂಗಿನಹಾಲಿನ ಜೊತೆ ತಿನ್ನುವುದು ಕೇರಳದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಉಳಿದು ಬಂದ ಪದ್ಧತಿ. ಇಸ್ರಾಯೇಲರು ಈಜಿಪ್ಟ್ ಬಿಟ್ಟ ರಾತ್ರಿಯ ಹುಳಿಯಿಲ್ಲದ ರೊಟ್ಟಿ, ಯೇಸುವಿನ ಕಡೆಯ ಭೋಜನ, ಎರಡೂ ಅದರಲ್ಲಿ ಸೇರಿವೆ. ಇದು ಪರಮಪ್ರಸಾದವಲ್ಲ, ಮನೆಯ ಪ್ರಾರ್ಥನೆ. ಕೊಂಕಣಿ, ತಮಿಳು, ಕನ್ನಡ ಮನೆಗಳೂ ಕಲಿತು ಮಾಡಿದರೆ ಚೆನ್ನ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೈಬಲನ್ನು ಊಟದ ಮುಂದೆ ಇಟ್ಟು ಮಕ್ಕಳಿಂದ ಓದಿಸುವ ಅವಕಾಶ ವರ್ಷದಲ್ಲಿ ಇಷ್ಟು ಸಹಜವಾಗಿ ಬೇರೆಲ್ಲೂ ಸಿಗುವುದಿಲ್ಲ.

ಆರೇಳು ಮಂದಿಗೆ: ಉದ್ದಿನಬೇಳೆ ಅರ್ಧ ಕಪ್, ಮೂರು ಗಂಟೆ ನೆನೆಸಿ ನುಣ್ಣಗೆ ರುಬ್ಬಿ. ತೆಂಗಿನತುರಿ ಒಂದು ಕಪ್, ಸಣ್ಣ ಈರುಳ್ಳಿ ನಾಲ್ಕು, ಬೆಳ್ಳುಳ್ಳಿ ಎರಡು ಎಸಳು, ಜೀರಿಗೆ ಅರ್ಧ ಚಮಚ ತರಿತರಿಯಾಗಿ ರುಬ್ಬಿ. ಸ್ವಲ್ಪ ಹುರಿದ ಅಕ್ಕಿಹಿಟ್ಟು ಎರಡು ಕಪ್, ಉಪ್ಪು ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಎಣ್ಣೆ ಸವರಿದ ತಟ್ಟೆಗೆ ಎರಡು ಬೆರಳು ದಪ್ಪಕ್ಕಿಂತ ಕಡಿಮೆ ಸುರಿದು, ಗರಿಯ ಎರಡು ಎಳೆಯಿಂದ ಮೇಲೆ ಶಿಲುಬೆ ಇಟ್ಟು, ಇಡ್ಲಿ ಪಾತ್ರೆಯಲ್ಲಿ 25 ನಿಮಿಷ ಬೇಯಿಸಿ. ಕಡ್ಡಿ ಚುಚ್ಚಿದರೆ ಅಂಟದೆ ಬರಬೇಕು.

ಕಲಸಿದ ಅರ್ಧ ಗಂಟೆಯೊಳಗೆ ಒಲೆಗಿಡಿ. ಬೆಳಿಗ್ಗೆ ಕಲಸಿ ಸಂಜೆಗೆ ಇಟ್ಟರೆ ಮಾರ್ಚ್‌-ಏಪ್ರಿಲ್ ಸೆಕೆಗೆ ಹಿಟ್ಟು ತಾನೇ ಹುಳಿಯೇರುತ್ತದೆ, ಆಗ ಅಪ್ಪದ ಅರ್ಥವೇ ಹೋಗುತ್ತದೆ. ಯೀಸ್ಟ್, ಸೋಡಾ, ಮೊಸರು, ಹಿಂದಿನ ದಿನದ ಇಡ್ಲಿ ಹಿಟ್ಟು ತಾಗಿದ ಪಾತ್ರೆ, ಯಾವುದೂ ಬೇಡ. ಅಪ್ಪ ಕಲ್ಲಾಗಿದ್ದರೆ ಬೇಳೆ ಸಾಲದಾಗಿದೆ ಇಲ್ಲವೇ ನುಣ್ಣಗಾಗಿಲ್ಲ.

ಪಾಲಿಗೆ: 250 ಗ್ರಾಂ ಬೆಲ್ಲವನ್ನು ಒಂದು ಕಪ್ ನೀರಿನಲ್ಲಿ ಕರಗಿಸಿ ಸೋಸಿ. ಎರಡನೇ ತೆಂಗಿನಹಾಲು ಎರಡು ಕಪ್, ಅದರಲ್ಲಿ ಕದಡಿದ ಹುರಿದ ಅಕ್ಕಿಹಿಟ್ಟು ಎರಡು ಚಮಚ ಸೇರಿಸಿ ಮಂದವಾಗುವ ತನಕ ಕುದಿಸಿ. ಉರಿ ತೀರಾ ಸಣ್ಣ ಮಾಡಿ ಗಟ್ಟಿ ಮೊದಲ ಹಾಲು ಒಂದು ಕಪ್, ಶುಂಠಿಪುಡಿ ಅರ್ಧ ಚಮಚ, ನಾಲ್ಕು ಏಲಕ್ಕಿ ಹಾಕಿ ಇಳಿಸಿ. ಮೊದಲ ಹಾಲು ಹಾಕಿದ ಮೇಲೆ ಕುದಿ ಬಂದರೆ ಒಡೆಯುತ್ತದೆ.

ಚರ್ಚಿನಿಂದ ಬಂದ ಮೇಲೆ ದೀಪ ಹಚ್ಚಿ, ವಿಮೋಚನಾಕಾಂಡ 12 ಮತ್ತು ಲೂಕ 22ರ ಭಾಗ ಓದಿ. ಮನೆಯ ಹಿರಿಯರು ಪ್ರಾರ್ಥಿಸಿ ಅಪ್ಪ ಕತ್ತರಿಸಿ, ಪಾಲು ಹಾಕಿ, ದೊಡ್ಡವರಿಂದ ಹಿಡಿದು ಚಿಕ್ಕವರ ತನಕ ಕೈಗೆ ಕೊಡುತ್ತಾರೆ. ಚೂರು ನೆಲಕ್ಕೆ ಬೀಳಿಸುವುದಿಲ್ಲ, ಉಳಿದದ್ದನ್ನು ಎಸೆಯುವುದಿಲ್ಲ. ವರ್ಷದೊಳಗೆ ಸಾವಾದ ಮನೆಯಲ್ಲಿ ಅಪ್ಪ ಬೇಯಿಸುವುದಿಲ್ಲ. ನೆಂಟರು, ನೆರೆಯವರು ತಂದುಕೊಡುತ್ತಾರೆ. ತೋಟದ ಲೈನಿನಲ್ಲಿ ಅಂಥ ಮನೆ ಯಾವುದೆಂದು ಮೊದಲೇ ತಿಳಿದುಕೊಂಡು ಒಂದು ತಟ್ಟೆ ಹೆಚ್ಚು ಬೇಯಿಸಿ. ಬೇರೆ ಧರ್ಮದ ನೆರೆಯವರಿಗೆ ಕಳಿಸುವುದಾದರೆ ಗರಿಯ ಶಿಲುಬೆ ಇಡದ ತಟ್ಟೆ ಬೇರೆ ಮಾಡಿ. ಪ್ರಾರ್ಥನೆಯ ಅಪ್ಪ ಮನೆಯೊಳಗೇ ಮುಗಿಯಲಿ.

ಶುಭ ಶುಕ್ರವಾರ

ಅಂದು 'ಹ್ಯಾಪಿ ಗುಡ್ ಫ್ರೈಡೇ' ಎಂದು ಸ್ನೇಹದಿಂದ ಮೆಸೇಜ್ ಕಳಿಸುವವರು ಇದ್ದಾರೆ. ಬೇಸರಿಸದೆ 'ಇವತ್ತು ಯೇಸು ಸತ್ತ ದಿನ, ಭಾನುವಾರ ಊಟಕ್ಕೆ ಬನ್ನಿ' ಎಂದು ಉತ್ತರಿಸಿದರೆ ಸಾಕು, ತಿರುಳೂ ತಲುಪುತ್ತದೆ.

ಕಥೋಲಿಕರಿಗೆ ನಿಯಮ ಇಷ್ಟು: ಹದಿನಾಲ್ಕು ತುಂಬಿದವರಿಗೆ ಮಾಂಸವಿಲ್ಲ, 18ರಿಂದ 59ರವರಿಗೆ ಒಂದು ಪೂರ್ಣ ಊಟ, ಮತ್ತೆರಡು ಹೊತ್ತು ಸೇರಿದರೂ ಒಂದು ಊಟವಾಗದಷ್ಟು ಅಲ್ಪಾಹಾರ. ಕಾಯಿಲೆಯವರು, ಬಸುರಿ ಬಾಣಂತಿಯರು ಉಪವಾಸ ಹಿಡಿಯಬೇಕಿಲ್ಲ. ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ಪೈಪು ಹೊತ್ತು ಬಿಸಿಲಲ್ಲಿ ದುಡಿಯುವವರೂ ದೇಹ ನೋಡಿಕೊಂಡು ಮಾಡಲಿ. ತಲೆಸುತ್ತಿ ಬೀಳುವುದು ಭಕ್ತಿಯ ಅಳತೆಯಲ್ಲ.

ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿಯ 14 ಸ್ಥಳಗಳನ್ನು ತೋಟದ ದಾರಿಯಲ್ಲಿ ನಡೆಸುವುದಾದರೆ ಬೆಳಿಗ್ಗೆ ಏಳೂವರೆಗೆ ಹೊರಟು ಹತ್ತರೊಳಗೆ ಮುಗಿಸಿ. ಸಿದ್ದಾಪುರ, ವಿರಾಜಪೇಟೆ ಕಡೆಯ ಆನೆ ಓಡಾಡುವ ತೋಟಗಳಲ್ಲಿ ನಸುಕಿನಲ್ಲಿ ಹೊರಡಬೇಡಿ. ಹಿಂದಿನ ದಿನ ಮ್ಯಾನೇಜರಿಗೂ ಅರಣ್ಯ ಇಲಾಖೆಯವರಿಗೂ ದಾರಿ ತಿಳಿಸಿ.

ಭಾಷೆಯ ಗೋಜಲು ಇಲ್ಲಿಯೇ ಹೆಚ್ಚು. ಪ್ರತಿ ಸ್ಥಳದ ಓದನ್ನು ನಾಲ್ಕೂ ಭಾಷೆಯಲ್ಲಿ ಓದಿದರೆ ಒಂದೂವರೆ ಗಂಟೆಯ ಹಾದಿ ಮೂರು ಗಂಟೆ ದಾಟುತ್ತದೆ, ಎಂಟನೇ ಸ್ಥಳಕ್ಕೆ ಜನ ನೆರಳು ಹುಡುಕುತ್ತಾರೆ. ಒಂದು ಸ್ಥಳಕ್ಕೆ ಒಂದೇ ಭಾಷೆ, ಸರದಿಯಂತೆ. ಜನರು ಒಟ್ಟಾಗಿ ಹೇಳುವ ಉತ್ತರ ಮಾತ್ರ ಮೊದಲಿನಿಂದ ಕೊನೆತನಕ ಕನ್ನಡದಲ್ಲಿ. ಹಾಡಿನ ಚೀಟಿಯಲ್ಲಿ ತಮಿಳು, ಮಲಯಾಳಂ ಹಾಡುಗಳನ್ನೂ ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿಸಿ. ಇಲ್ಲಿನ ಶಾಲೆಯಲ್ಲಿ ಓದಿದ ಮಕ್ಕಳಿಗೆ ಮನೆಮಾತು ಬಂದರೂ ಅದರ ಲಿಪಿ ಬಾರದು. ಕೊಂಕಣಿಗಂತೂ ಇಲ್ಲಿ ಕನ್ನಡ ಲಿಪಿಯೇ ರೂಢಿ.

ಸಿ.ಎಸ್.ಐ. ಸಭೆಗಳಲ್ಲಿ ಹನ್ನೆರಡರಿಂದ ಮೂರರ ತನಕ ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಧ್ಯಾನ ನಡೆಯುತ್ತದೆ. ಕಥೋಲಿಕ ಆರಾಧನೆ ಶುರುವಾಗುವುದು ಮಧ್ಯಾಹ್ನ ಸುಮಾರು ಮೂರಕ್ಕೆ. ಎರಡೂ ಸಭೆಯವರಿರುವ ಮನೆಗಳು ಊರಲ್ಲಿದ್ದರೆ ಕಥೋಲಿಕ ಆರಾಧನೆಯನ್ನು ನಾಲ್ಕಕ್ಕೆ ಇಡುವಂತೆ ಗುರುಗಳನ್ನು ಕೇಳಿಕೊಳ್ಳಿ. ಸಕಾರಣವಿದ್ದರೆ ತಡವಾಗಿ ಇಡಲು ಅವಕಾಶವಿದೆ. ಸಿರಿಯನ್ ಮನೆಗಳವರು ಆರಾಧನೆಯ ಬಳಿಕ ಹಾಗಲಕಾಯಿ ರಸ, ವಿನೆಗರ್ ಬೆರೆಸಿದ ಕಹಿನೀರು ಕುಡಿಯುತ್ತಾರೆ. ಶಿಲುಬೆಯ ಮೇಲೆ ಯೇಸುವಿಗೆ ಹುಳಿರಸ ಕೊಟ್ಟದ್ದರ ನೆನಪು. ಒಂದು ಚಮಚ ಸಾಕು. ಹೊಟ್ಟೆಹುಣ್ಣು ಇರುವವರು ತುಟಿಗೆ ಮುಟ್ಟಿಸಿಕೊಂಡರೂ ಆದೀತು.

ಊಟದ ವಿಷಯದಲ್ಲಿ ಎಲ್ಲ ಪದ್ಧತಿಗಳೂ ಅಂದು ಗಂಜಿಯ ಹತ್ತಿರ ಬಂದು ಸೇರುತ್ತವೆ. ನೂರು ಜನಕ್ಕೆ ಕುಚ್ಚಲಕ್ಕಿ ಏಳು ಕಿಲೋ, ನೀರು ಅದರ ಎಂಟರಷ್ಟು. ರಾತ್ರಿ ನೆನೆಸಿದ ಹೆಸರುಕಾಳು ನಾಲ್ಕು ಕಿಲೋ, ಮಿಡಿ ಉಪ್ಪಿನಕಾಯಿ. ಉಪ್ಪನ್ನು ಅಕ್ಕಿ ಬೆಂದ ಮೇಲೆ ಹಾಕಿ. ಬೇರೆ ಬೇರೆ ಸಭೆಯವರು ಒಂದೇ ಪರಮಪ್ರಸಾದ ಹಂಚಿಕೊಳ್ಳಲು ಆಗದಿದ್ದರೂ ಈ ಗಂಜಿಗೆ ಯಾವ ಅಡ್ಡಿಯೂ ಇಲ್ಲ.

ಶನಿವಾರ: ಹಗಲು ಖಾಲಿ, ರಾತ್ರಿ ತುಂಬು

ಜಾಗರಣೆಗೆ ಜನ ಬಾರದಿರಲು ಮುಖ್ಯ ಕಾರಣ ಅಡುಗೆಮನೆ. ಇಡೀ ಶನಿವಾರ ಹಂದಿಮಾಂಸ ಕತ್ತರಿಸಿ, ಮಸಾಲೆ ಹುರಿದು, ಸಂಜೆಗೆ ಮನೆಯ ಹೆಂಗಸರಿಗೆ ನಿಲ್ಲಲು ಕಾಲಿರುವುದಿಲ್ಲ. ಇದಕ್ಕೆ ಹೀಗೆ ಮಾಡಿ. ಮಾಂಸ ಬೆಳಿಗ್ಗೆಯೇ ತರಿಸಿ, ಗಂಡಸರು ಕತ್ತರಿಸಲಿ, ಮಧ್ಯಾಹ್ನ ಎರಡರೊಳಗೆ ಬೇಯಿಸಿ ಮುಗಿಸಿ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಬಿದ್ದ ಪಂದಿಕರಿ ಮರುದಿನಕ್ಕೆ ರುಚಿ ಹೆಚ್ಚುತ್ತದೆ. ಕಿಲೋಗೆ ಒಂದು ದೊಡ್ಡ ಚಮಚ, ಮಾಂಸ ಬೆಂದ ಮೇಲೆ. ಮೊದಲೇ ಹಾಕಿದರೆ ಮಾಂಸ ಬೇಗ ಬೇಯದು. ಸನ್ನಣ (ಕೊಂಕಣಿಗರ ಉಬ್ಬಿದ ಅಕ್ಕಿ ಇಡ್ಲಿ) ಅಥವಾ ಪಾಲಪ್ಪದ ಹಿಟ್ಟು ಐದು ಗಂಟೆಗೆ ರುಬ್ಬಿಟ್ಟು ಚರ್ಚಿಗೆ ಹೋಗಿ, ಕೊಡಗಿನ ರಾತ್ರಿಯ ತಂಪಿಗೆ ಉಬ್ಬಲು ಬೆಳಗಿನ ತನಕ ಸಮಯ ಬೇಕೇ ಬೇಕು. ಗುರುವಾರ ಹುಳಿಯಿಲ್ಲದ ಅಪ್ಪ ತಿಂದ ಮನೆಯಲ್ಲಿ ಭಾನುವಾರ ಉಬ್ಬಿದ ಸನ್ನಣ ಏಳುತ್ತದೆ ಎಂಬುದು ಮಕ್ಕಳಿಗೆ ತೋರಿಸಿ ಹೇಳಲು ಒಳ್ಳೆಯ ಪಾಠ.

ಜಾಗರಣೆ ಕತ್ತಲಾದ ಮೇಲೆಯೇ ಶುರುವಾಗಬೇಕು. ಕೊಡಗಿನಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದು ಆರೂವರೆಯ ಆಸುಪಾಸು, ಹಾಗಾಗಿ ಏಳೂವರೆ ಸರಿಯಾದ ಹೊತ್ತು. ಆನೆಯ ಭಯಕ್ಕೆ ಆರಕ್ಕೇ ಇಟ್ಟರೆ ಬೆಳಕಿನಲ್ಲಿ ಬೆಳಕು ಹೊತ್ತಿಸಿದಂತಾಗಿ ಸಂಕೇತವೇ ಸಾಯುತ್ತದೆ. ಅದರ ಬದಲು ಲೈನ್‌ಮನೆಗಳಿಂದ ಜೀಪು, ಪಿಕಪ್ ಗೊತ್ತು ಮಾಡಿ. ಯಾವ ಗಾಡಿ ಯಾವ ತೋಟಕ್ಕೆ, ವಾಪಸು ಎಷ್ಟು ಹೊತ್ತಿಗೆ ಎಂಬ ಪಟ್ಟಿಯನ್ನು ಗರಿಗಳ ಭಾನುವಾರವೇ ಓದಿ ಹೇಳಿ. ಮನೆ ಮುಟ್ಟುವ ದಾರಿ ಖಚಿತವಾದರೆ ಜನ ಬರುತ್ತಾರೆ.

ಜಾಗರಣೆ ಶುರುವಾಗುವ ಬೆಂಕಿ: ಕಾಫಿ ಗಿಡದ ಒಣ ಕಾಂಡ ಗಟ್ಟಿ ಸೌದೆ, ಕೆಂಡ ಚೆನ್ನಾಗಿ ನಿಲ್ಲುತ್ತದೆ. ಎರಡು ವಾರ ಮುಂಚೆ ಒಳಗೆ ಒಣಗಿಸಿಡಿ. ಹೂಮಳೆಯ ಕಾಲ, ಸಂಜೆ ಗುಡುಗು ಯಾವಾಗ ಬಂದೀತೋ ಹೇಳಲಾಗದು; ಮೂರು ಅಡಿಗಿಂತ ದೊಡ್ಡ ರಾಶಿ ಬೇಡ, ಟಾರ್ಪಾಲು ಹೊದಿಸಿ, ಮಳೆಗೆ ಪೋರ್ಟಿಕೋದಲ್ಲಿ ಕಬ್ಬಿಣದ ಬಾಣಲೆ ಸಿದ್ಧವಿರಲಿ. ಹೊತ್ತಿಸಲು ಕರ್ಪೂರ ಮತ್ತು ತೆಂಗಿನ ನಾರು. ಪೆಟ್ರೋಲ್ ಸುರಿದರೆ ಭಗ್ಗೆಂದು ಮೇಲೆದ್ದು ಗುರುಗಳ ಉಡುಪಿಗೇ ತಾಗೀತು. ಎರಡು ಬಕೆಟ್ ನೀರು ಪಕ್ಕದಲ್ಲಿರಲಿ. ಧೂಪಕ್ಕೆ ಕೆಂಡ ಈ ಬೆಂಕಿಯಿಂದಲೇ ತೆಗೆಯಬೇಕಾದ್ದರಿಂದ ಅರ್ಧ ಗಂಟೆ ಮುಂಚೆ ಹೊತ್ತಿಸಿ.

ಪಾಸ್ಕ ಮೋಂಬತ್ತಿ ಮೇಣದ್ದೇ ಆಗಿರಬೇಕು, ಪ್ರತಿವರ್ಷ ಹೊಸದು. ಅದರ ಮೇಲೆ ಶಿಲುಬೆ, ಆಲ್ಫಾ, ಒಮೆಗಾ (ಗ್ರೀಕಿನ ಮೊದಲ, ಕೊನೆಯ ಅಕ್ಷರ), ಆ ವರ್ಷದ ನಾಲ್ಕು ಅಂಕಿ, ಐದು ಗಾಯಗಳಿಗೆ ಐದು ಧೂಪದ ಕಾಳು. ಹೊಸ ಬತ್ತಿ ಗಾಳಿಗೆ ಹಿಡಿಯುವುದಿಲ್ಲ. ಹಿಂದಿನ ದಿನ ಐದು ನಿಮಿಷ ಉರಿಸಿ ಆರಿಸಿಟ್ಟರೆ ಸರಾಗವಾಗಿ ಹತ್ತುತ್ತದೆ. ಜನರ ಮೋಂಬತ್ತಿಗೆ ಕಾಗದದ ಲೋಟದ ತಳ ತೂತು ಮಾಡಿ ಸಿಕ್ಕಿಸಿ. ಹೊತ್ತಿಸುವಾಗ ಉರಿಯುವುದು ನೆಟ್ಟಗಿರಲಿ, ಹೊಸದನ್ನೇ ಬಾಗಿಸಿ; ತಪ್ಪಿದರೆ ಮೇಣ ಕೈಗೆ ಸುರಿಯುತ್ತದೆ.

ಹಳೆಯ ಒಡಂಬಡಿಕೆಯ ಏಳು ಓದುಗಳಿವೆ, ಕಡಿಮೆಯೆಂದರೆ ಮೂರು ಓದಲೇಬೇಕು. ಸಮುದ್ರ ದಾಟಿದ ವಿಮೋಚನಾಕಾಂಡ 14 ಬಿಡುವಂತಿಲ್ಲ. ನಾಲ್ಕು ಭಾಷೆಯ ಚರ್ಚಿಗೆ ಏಳೂ ಓದು ವರವೇ ಸರಿ, ಎಲ್ಲ ಮನೆಮಾತಿಗೂ ಪಾಲು ಸಿಗುತ್ತದೆ. ಆಗ ದೀಪ ಆರಿಸಿಡುವ ಚರ್ಚುಗಳಲ್ಲಿ ಓದುವವರಿಗೆ ಸಣ್ಣ ಟಾರ್ಚ್, ಮೈಕಿಗೆ ಬ್ಯಾಟರಿ ಬೇಕು. ಜ್ಞಾನಸ್ನಾನದ ವಾಗ್ದಾನ ಮಾತ್ರ ಎಲ್ಲರೂ ಒಂದೇ ದನಿಯಲ್ಲಿ ಕನ್ನಡದಲ್ಲಿ ಹೇಳಲಿ. ಆ ವರ್ಷ ಜ್ಞಾನಸ್ನಾನ ಪಡೆಯುವವರಿದ್ದರೆ ಈ ರಾತ್ರಿಗೇ ಕಾಯ್ದಿರಿಸಿ, ಸಭೆ ತುಂಬಲು ಅದಕ್ಕಿಂತ ಒಳ್ಳೆಯ ಕಾರಣ ಬೇರೆ ಬೇಡ.

ಪಾಸ್ಕ ಭಾನುವಾರ ಮತ್ತು ನಂತರ

ಸಿ.ಎಸ್.ಐ.ಯವರ ನಸುಕಿನ ಆರಾಧನೆಗೆ ಕಥೋಲಿಕರೂ ಹೋಗಿ ಕೂರಬಹುದು, ಖಾಲಿ ಸಮಾಧಿಗೆ ಹೆಂಗಸರು ಬಂದ ಹೊತ್ತು ಅದು. ಬಣ್ಣದ ಮೊಟ್ಟೆ ಯುರೋಪಿನ ಪದ್ಧತಿ. ಅಲ್ಲಿ ತಪಸ್ಸುಕಾಲದಲ್ಲಿ (ಪಾಸ್ಕಕ್ಕೆ ಮುಂಚಿನ ಉಪವಾಸಕಾಲ) ಮೊಟ್ಟೆಯೂ ನಿಷಿದ್ಧವಾಗಿದ್ದರಿಂದ ಹಬ್ಬಕ್ಕೆ ಅದು ಸಂಭ್ರಮವಾಯಿತು. ಮಕ್ಕಳಿಗೆ ಇಷ್ಟವಾದರೆ ಇರಲಿ, ಇಲ್ಲದಿದ್ದರೂ ಕೊರತೆಯಿಲ್ಲ.

ಜಾಗರಣೆಯಲ್ಲಿ ಆಶೀರ್ವದಿಸಿದ ನೀರನ್ನು ಮನೆಗೆ ಒಯ್ಯಲು ಚಿಕ್ಕ ಬಾಟಲಿ ತನ್ನಿ. ಪಾಸ್ಕ ಕಾಲ ಐವತ್ತು ದಿನ, ಪೆಂತೆಕೋಸ್ತಿನ ತನಕ ದೊಡ್ಡ ಮೋಂಬತ್ತಿ ಬಲಿಪೀಠದ ಬಳಿ ಉರಿಯುತ್ತದೆ. ಮನೆಗಳ ಆಶೀರ್ವಾದಕ್ಕೆ ಇದೇ ಸರಿಯಾದ ಕಾಲ. 2027ರಲ್ಲಿ ಪೆಂತೆಕೋಸ್ತು ಮೇ 16ಕ್ಕೆ. ಜೂನಿನಲ್ಲಿ ಮುಂಗಾರು ಹಿಡಿದರೆ ಒಳತೋಟದ ಮಣ್ಣು ದಾರಿಗೆ ಗಾಡಿ ಇಳಿಯದು. ದೂರದ ಲೈನ್‌ಮನೆಗಳ ಭೇಟಿ ಮೊದಲು, ಪೇಟೆಯ ಮನೆಗಳು ಆಮೇಲೆ, ಹೀಗೆ ಪಟ್ಟಿ ಹಾಕಿಕೊಳ್ಳಿ.